ಹಳೆಯ ವಿಮಾನಕ್ಕೆ ಹೊಸ ದೀಪ

(ಬೆಳಗಾವಿಯಲ್ಲಿ ಮಾಡಿದ ಉಪನ್ಯಾಸವೊಂದರ ಬರಹರೂಪ)



ಹಳೆಯ ವಿಮಾನಗಳ ದುರಸ್ತಿಯ ಬಗ್ಗೆ ಮಾತನಾಡಬೇಕೆಂದು ನೀವು ಕರೆದಾಗ ನನಗೆ ಮೊದಲು ನೆನಪಾದದ್ದು ಖಾನಾಪುರದ ನಮ್ಮ ಹಳೆಯ ಮನೆ. ಹಂಚಿನ ಮಾಡು, ಸಾಗುವಾನಿ ಜಂತಿ, ಎಣ್ಣೆ ದೀಪದ ಹೊಗೆಗೆ ಕಪ್ಪಾದ ಗೋಡೆಯ ಗೂಡು. ಆ ಮನೆಗೆ ವಿದ್ಯುತ್ತು ಬಂದಾಗ ಜಂತಿಯುದ್ದಕ್ಕೂ ಕಟ್ಟಿಗೆಯ ಪಟ್ಟಿ ಹೊಡೆದು ತಂತಿ ಎಳೆದರು. ಆಮೇಲೆ ಟ್ಯೂಬ್‌ಲೈಟು ಬಂತು. ಅದರ ಬೆನ್ನಿಗೇ ನೆಲದ ಫರಸಿ ಕಿತ್ತು ಟೈಲ್ಸ್ ಹಾಕಿಸುವ ಮಾತೂ ಬಂತು. ಪ್ರತಿ ಸಲವೂ ಮನೆಯ ಹಿರಿಯರಿಗೂ ಕಿರಿಯರಿಗೂ ಒಂದೇ ಜಗಳ: ಯಾವುದನ್ನು ಬದಲಿಸಬೇಕು, ಯಾವುದನ್ನು ಇದ್ದ ಹಾಗೆ ಬಿಡಬೇಕು?

ಹಳೆಯ ಪುಟ್ಟ ವಿಮಾನವೊಂದನ್ನು ಉಳಿಸಿಕೊಳ್ಳಲು ಹೊರಟವರ ಮುಂದೆಯೂ ಇದೇ ಪ್ರಶ್ನೆ ಇರುತ್ತದೆ. ದೀಪ ಹೊಸದು ಬೇಕೇ? ಹರಿದ ಸೀಟಿಗೆ ಎಂಥ ಬಟ್ಟೆ ಹಾಕಿಸಬೇಕು? ಕೇಳಲು ಇವು ಸಣ್ಣ ಸಂಗತಿಗಳು. ಆದರೆ ಮನೆ ನಮ್ಮ ತಪ್ಪುಗಳನ್ನು ಎಷ್ಟೋ ವರ್ಷ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ವಿಮಾನಕ್ಕೆ ಅಷ್ಟು ತಾಳ್ಮೆಯಿಲ್ಲ. ಅದರೊಳಗೆ ಸೇರಿಸಿದ ಒಂದೊಂದು ಮೊಳೆಗೂ ತೂಕವಿದೆ, ಒಂದೊಂದು ತಂತಿಗೂ ಪರಿಣಾಮವಿದೆ. ಈ ಲೆಕ್ಕ ಹೇಗೆ ನಡೆಯುತ್ತದೆ, ಅದು ನಮಗೇಕೆ ಮುಖ್ಯ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಸಾಂಬ್ರಾದ ಊರಿನವರು ನಾವು

ಬೆಳಗಾವಿಯವರಿಗೆ ವಿಮಾನ ಹೊಸದಲ್ಲ. ನಮ್ಮ ಸಾಂಬ್ರಾದ ನಿಲ್ದಾಣವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಕಟ್ಟಿಸಿತು. 1961ರಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ಇಲ್ಲಿಂದ ಹಂಟರ್ ವಿಮಾನಗಳು ಹಾರಿದವು. ವಾಯುಸೇನೆಗೆ ಸೇರಿದ ಸಾವಿರಾರು ತರುಣರು ಮೊದಲ ಪಾಠ ಕಲಿತದ್ದು ಸಾಂಬ್ರಾದ ತರಬೇತಿ ಶಾಲೆಯಲ್ಲಿ. 2017ರಲ್ಲಿ ಪ್ರಯಾಣಿಕರಿಗೆ ಹೊಸ ನಿಲ್ದಾಣ ತೆರೆಯಿತು. ಈಚಿನ ವರ್ಷಗಳಲ್ಲಿ ಹಾರಾಟ ಕಲಿಯುವ ಮಕ್ಕಳ ಪುಟ್ಟ ವಿಮಾನಗಳೂ ನಮ್ಮ ತಲೆಯ ಮೇಲೆ ಸುತ್ತುತ್ತಿವೆ. ಹತ್ತರಗಿಯ ಕಾರ್ಖಾನೆಗಳಲ್ಲಿ ನಮ್ಮ ಹುಡುಗರು ಕಡೆದು ತೆಗೆದ ಬಿಡಿಭಾಗಗಳು ದೊಡ್ಡ ದೊಡ್ಡ ವಿದೇಶೀ ವಿಮಾನಗಳಿಗೆ ಸೇರುತ್ತವೆ.

ಇನ್ನೊಂದು ನಂಟೂ ಇದೆ. ಸ್ವತಂತ್ರ ಭಾರತದಲ್ಲೇ ರೂಪಿಸಿದ ಮೊದಲ ತರಬೇತಿ ವಿಮಾನ ಎಚ್.ಟಿ.-2 ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ 1951ರ ಆಗಸ್ಟ್‌ನಲ್ಲಿ ಹಾರಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಡಾ. ವಿಷ್ಣು ಮಾಧವ ಘಾಟಗೆ. ನಮ್ಮ ಗಡಿಗೆ ಹತ್ತಿದ ಕೊಲ್ಹಾಪುರ ಸೀಮೆಯಲ್ಲಿ 1908ರಲ್ಲಿ ಹುಟ್ಟಿದವರು. ಜರ್ಮನಿಯ ಗೊಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಮಹಾ ವಿಜ್ಞಾನಿಯ ಕೈಕೆಳಗೆ ಸಂಶೋಧನೆ ಮಾಡಿ ಬಂದವರು. ಬ್ರಿಟಿಷರ ಟೈಗರ್ ಮಾತ್ ವಿಮಾನದಲ್ಲಿ ಹಾರಾಟ ಕಲಿಯುತ್ತಿದ್ದ ನಮ್ಮ ವೈಮಾನಿಕರು ಆಮೇಲೆ ಎಚ್.ಟಿ.-2ರಲ್ಲಿ ಕಲಿತರು. ಅದೇ ಕಾರ್ಖಾನೆಯ ಪುಟ್ಟ ವಿಮಾನ ‘ಪುಷ್ಪಕ’ 1958ರ ಸೆಪ್ಟೆಂಬರ್ 28ರಂದು ಮೊದಲ ಸಲ ಮೇಲೆದ್ದಿತು. ಪಕ್ಕಪಕ್ಕದಲ್ಲಿ ಇಬ್ಬರು ಕುಳಿತುಕೊಳ್ಳುವ, ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ವಿಮಾನ. ನೂರೈವತ್ತಕ್ಕೂ ಹೆಚ್ಚು ಪುಷ್ಪಕಗಳು ತಯಾರಾಗಿ ದೇಶದ ಹಾರಾಟದ ಕ್ಲಬ್ಬುಗಳಿಗೆ ಹೋದವು. ಅದರಲ್ಲಿ ಕಲಿತ ಎಷ್ಟೋ ಮಂದಿ ಮುಂದೆ ಜೆಟ್ ವಿಮಾನಗಳ ಕ್ಯಾಪ್ಟನ್‌ಗಳಾದರು.

ಇವತ್ತು ಆ ವಿಮಾನಗಳಲ್ಲಿ ಹೆಚ್ಚಿನವು ಇಲ್ಲ. ಉಳಿದ ಕೆಲವನ್ನು ಏನು ಮಾಡಬೇಕು ಎಂಬುದು ನಿಜವಾದ ಪ್ರಶ್ನೆ. ದೀಪ, ಸೀಟುಗಳ ಮಾತು ಅದರ ಒಂದು ತುದಿ ಮಾತ್ರ.

ವಿದ್ಯುತ್ತೇ ಇಲ್ಲದ ವಿಮಾನ

ಪುಷ್ಪಕಕ್ಕೆ ಹೊಸ ದೀಪ ಹಾಕೋಣ ಎಂದು ಒಬ್ಬ ಉತ್ಸಾಹಿ ಹೊರಟ ಎಂದಿಟ್ಟುಕೊಳ್ಳಿ. ಅವನಿಗೆ ಮೊದಲು ಎದುರಾಗುವ ಸಂಗತಿ ತಮಾಷೆಯದು. ಆ ವಿಮಾನದ ಎಂಜಿನ್ನಿನಲ್ಲಿ ದೀಪಕ್ಕೆ ಬೇಕಾದ ವಿದ್ಯುತ್ತೇ ಹುಟ್ಟುವುದಿಲ್ಲ.

ಪುಷ್ಪಕದ ಎಂಜಿನ್ನು ಕಾಂಟಿನೆಂಟಲ್ ಸಿ-90, 90 ಅಶ್ವಶಕ್ತಿಯದು. ಈ ಎಂಜಿನ್ನಿನಲ್ಲಿ 12 ಎಂಬ ಸಂಖ್ಯೆಯ ಮಾದರಿಗೆ ಸ್ಟಾರ್ಟರ್, ಜನರೇಟರ್ ಕೂರಿಸುವ ಅನುಕೂಲವಿತ್ತು. ಪುಷ್ಪಕಕ್ಕೆ ಬಂದದ್ದು 8 ಎಂಬ ಸಂಖ್ಯೆಯದು. ಅದರಲ್ಲಿ ಆ ಅನುಕೂಲವಿಲ್ಲ. ಹಾಗಾದರೆ ಎಂಜಿನ್ನು ಹೊತ್ತಿಕೊಳ್ಳುವುದು ಹೇಗೆ? ಮ್ಯಾಗ್ನೆಟೊದಿಂದ. ಹಳ್ಳಿಯ ಪಂಪಿನ ಎಂಜಿನ್ನು, ಹಳೆಯ ಮೋಟಾರ್‌ಸೈಕಲ್ಲು ನೋಡಿದವರಿಗೆ ಇದು ಗೊತ್ತು. ಒಳಗೆ ತಿರುಗುವ ಅಯಸ್ಕಾಂತವೇ ಕಿಡಿ ಹುಟ್ಟಿಸುತ್ತದೆ; ಬ್ಯಾಟರಿಯ ಹಂಗಿಲ್ಲ. ಒಬ್ಬರು ಮುಂದೆ ನಿಂತು ಕೈಯಿಂದ ಪ್ರೊಪೆಲ್ಲರ್ ತಿರುಗಿಸಬೇಕು. ‘ಸ್ವಿಚ್ ಆಫ್’ ಎಂದು ಹೊರಗಿನವರು ಕೂಗಬೇಕು, ಒಳಗಿನವರು ಮರುಕೂಗಬೇಕು. ‘ಕಾಂಟ್ಯಾಕ್ಟ್’ ಎಂದಾಗ ಸ್ವಿಚ್ ಹಾಕಬೇಕು, ಒಂದೇ ಬೀಸಿಗೆ ಪ್ರೊಪೆಲ್ಲರ್ ಎಳೆದು ಹಿಂದೆ ಸರಿಯಬೇಕು. ಇದು ಕೈಯ ಕೆಲಸ, ಕಿವಿಯ ಕೆಲಸ, ನಂಬಿಕೆಯ ಕೆಲಸ.

ಇಂಥ ವಿಮಾನ ಸೂರ್ಯನ ಬೆಳಕಿನಲ್ಲೇ ಹಾರಬೇಕು, ಕತ್ತಲಾಗುವ ಮುಂಚೆ ಇಳಿಯಬೇಕು. ಹಾಗಿದ್ದರೆ ದೀಪವೇಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಹೇಳುವ ಮೊದಲು ತಕ್ಕಡಿಯ ಲೆಕ್ಕ ಮುಗಿಸೋಣ.

ಚಕ್ಕಡಿಯ ಪಾಠ

ಪುಷ್ಪಕದ ಬರಿಯ ತೂಕ ಸುಮಾರು 395 ಕಿಲೊ. ಎಲ್ಲ ತುಂಬಿಕೊಂಡು ಮೇಲೇಳಬಹುದಾದ ಗರಿಷ್ಠ ತೂಕ ಸುಮಾರು 612 ಕಿಲೊ. ನಡುವೆ ಉಳಿಯುವುದು 217 ಕಿಲೊ. ತಲಾ 75 ಕಿಲೊದ ಇಬ್ಬರು ಕುಳಿತರೆ 150 ಹೋಯಿತು. 50 ಲೀಟರ್ ಪೆಟ್ರೋಲಿಗೆ 36 ಕಿಲೊ. ಕೈಯಲ್ಲಿ ಉಳಿದದ್ದು 31 ಕಿಲೊ.

ಈಗ ಹಳೆಯ ರೀತಿಯಲ್ಲಿ ದೀಪದ ಏರ್ಪಾಡು ಮಾಡಿ ನೋಡಿ. ಸೀಸದ ಬ್ಯಾಟರಿ, ಜನರೇಟರ್, ಅದರ ನಿಯಂತ್ರಕ, ದಪ್ಪ ತಂತಿಗಳು, ದೀಪಗಳು. ಇಪ್ಪತ್ತು ಕಿಲೊ ದಾಟಲು ಹೆಚ್ಚು ಹೊತ್ತು ಬೇಡ. ಒಳಗೆ ಚಂದದ ಕಾರ್ಪೆಟ್ಟು, ಸದ್ದು ತಡೆಯುವ ದಪ್ಪ ಸ್ಪಂಜು, ಚರ್ಮದ ಸೀಟು ಎಂದು ಹೊರಟರೆ ಇನ್ನೊಂದು ಹತ್ತು ಕಿಲೊ. ಅಲ್ಲಿಗೆ ಲೆಕ್ಕ ಮುಗಿಯಿತು. ಒಬ್ಬ ದಪ್ಪ ಗೆಳೆಯನನ್ನು ಕೂರಿಸಿಕೊಳ್ಳಬೇಕಾದರೆ ಪೆಟ್ರೋಲು ಇಳಿಸಬೇಕು. ಪೆಟ್ರೋಲು ಕಡಿಮೆಯಾದರೆ ದಾರಿಯೂ ಕಡಿಮೆ.

ಭಾರ ಎಷ್ಟು ಎಂಬುದಷ್ಟೇ ಸಾಲದು, ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ನಮ್ಮ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಕ್ಕಡಿಯಲ್ಲಿ ಕಬ್ಬು ಹೇರುವಾಗ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ವಿಮಾನದಲ್ಲಿ ಬ್ಯಾಟರಿಗೆ ಜಾಗ ಸಿಗುವುದು ಸಾಮಾನ್ಯವಾಗಿ ಸೀಟಿನ ಹಿಂದೆ. ಅಲ್ಲಿ ಭಾರ ಹೆಚ್ಚಾದರೆ ಮೂಗು ಮೇಲೇಳುತ್ತದೆ, ವೇಗ ಕುಗ್ಗುತ್ತದೆ, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಮೂಗನ್ನು ಮತ್ತೆ ಕೆಳಗಿಳಿಸುವ ಶಕ್ತಿ ಬಾಲಕ್ಕೆ ಉಳಿಯದೆ ಹೋಗಬಹುದು. ಚಕ್ಕಡಿಯಾದರೆ ನಿಲ್ಲಿಸಿ ಹೊರೆ ಸರಿಸಬಹುದು. ಹಾಗಾಗಿ ಒಳಗೆ ಏನನ್ನೇ ಬದಲಿಸಿದರೂ ವಿಮಾನವನ್ನು ಮತ್ತೆ ತೂಕಕ್ಕೆ ನಿಲ್ಲಿಸಿ ಭಾರದ ಕೇಂದ್ರ ಎಲ್ಲಿದೆಯೆಂದು ಲೆಕ್ಕ ಹಾಕಿ ದಾಖಲೆಯಲ್ಲಿ ಬರೆಯಲೇಬೇಕು.

ಕಾಣಿಸಿಕೊಳ್ಳುವ ದೀಪ

ಇನ್ನು ದೀಪ. ವಿಮಾನದ ದೀಪಗಳು ನೋಡುವುದಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇರುವಂಥವು. ಎಡ ರೆಕ್ಕೆಯ ತುದಿಗೆ ಕೆಂಪು, ಬಲ ರೆಕ್ಕೆಯ ತುದಿಗೆ ಹಸಿರು, ಬಾಲಕ್ಕೆ ಬಿಳಿ. ಈ ಕ್ರಮ ಹಡಗಿನಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಉಗಿ ಹಡಗುಗಳು ರಾತ್ರಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು ತಪ್ಪಿಸಲು ಈ ಬಣ್ಣಗಳು ನೆಲೆಗೊಂಡವು. ಕೆಂಪು, ಹಸಿರು ದೀಪಗಳು ತಲಾ 110 ಡಿಗ್ರಿಯಷ್ಟು ಹರವಿನಲ್ಲಿ, ಬಾಲದ ಬಿಳಿ ದೀಪ 140 ಡಿಗ್ರಿಯಷ್ಟು ಹರವಿನಲ್ಲಿ ಕಾಣಬೇಕು. ಮೂರೂ ಸೇರಿದರೆ 360 ಡಿಗ್ರಿಯ ಸುತ್ತು ಪೂರ್ತಿಯಾಯಿತು. ಕತ್ತಲಲ್ಲಿ ಎದುರು ಕೆಂಪು, ಹಸಿರು ಎರಡೂ ಕಂಡರೆ ಆ ವಿಮಾನ ನೇರ ನಿಮ್ಮ ಕಡೆಗೇ ಬರುತ್ತಿದೆ. ನಿಮ್ಮ ಬಲಗಡೆ ಕೆಂಪೊಂದೇ ಕಂಡರೆ ಅದು ನಿಮ್ಮ ದಾರಿಯನ್ನು ಅಡ್ಡ ಹಾಯುತ್ತಿದೆ. ದಾರಿ ಬಿಡಬೇಕಾದವರು ನೀವು. ಅಕ್ಷರವಿಲ್ಲದ ಈ ಭಾಷೆಯನ್ನು ಜಗತ್ತಿನ ಎಲ್ಲ ವೈಮಾನಿಕರೂ ಓದುತ್ತಾರೆ.

ಇವುಗಳ ಜೊತೆಗೆ ಮಿನುಗುವ ಡಿಕ್ಕಿ ತಡೆ ದೀಪ ಮತ್ತು ಇಳಿಯುವಾಗ ಉರಿಸುವ ದೊಡ್ಡ ದೀಪ. ಇಂದಿನ ಆಕಾಶದಲ್ಲಿ ಹಗಲಿನಲ್ಲೂ ಇವನ್ನು ಉರಿಸುತ್ತಾರೆ. 1958ರಲ್ಲಿ ಪುಷ್ಪಕ ಒಂಟಿಯಾಗಿ ಸುತ್ತುತ್ತಿದ್ದ ಆಕಾಶದಲ್ಲಿ ಈಗ ವೇಗದ ವಿಮಾನಗಳ ಓಡಾಟ ಹೆಚ್ಚಿದೆ. ಗಂಟೆಗೆ ನೂರ ನಲವತ್ತು ಕಿಲೊಮೀಟರ್ ಸುಮಾರಿಗೆ ತೇಲುವ ಬಟ್ಟೆಯ ವಿಮಾನ ಮಂಜಿನಲ್ಲಿ, ಸಂಜೆಯ ಬಿಸಿಲಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಾವು ಬೇರೆಯವರಿಗೆ ಕಾಣಿಸಬೇಕು. ಹಳೆಯ ವಿಮಾನಕ್ಕೆ ಹೊಸ ದೀಪ ಬೇಕು ಎನ್ನಲು ಇದೇ ದೊಡ್ಡ ಕಾರಣ.

ಹಳೆಯ ದೀಪ ಎಂದರೆ ಒಳಗೆ ತಂತಿ ಕಾಯ್ದು ಉರಿಯುವ ಬಲ್ಬು. ಇಳಿಯುವಾಗ ಬಳಸುವ ಸಾಮಾನ್ಯ ದೀಪ 100 ವ್ಯಾಟಿನದು, 13 ವೋಲ್ಟಿಗೆ ಸುಮಾರು 8 ಆಂಪಿಯರ್ ಎಳೆಯುತ್ತದೆ. ಅದರ ಆಯುಷ್ಯವೆಂದು ತಯಾರಕರೇ ಹೇಳುವುದು ಬರೀ 25 ಗಂಟೆ. ಉರಿಸಿದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತದೆ. ಎಲ್‌ಇಡಿ ದೀಪಕ್ಕೆ ಅದರ ಅರ್ಧಕ್ಕೂ ಕಡಿಮೆ ವಿದ್ಯುತ್ತು ಸಾಕು. ಬಾಳಿಕೆ ಸಾವಿರಾರು ಗಂಟೆ. ರೆಕ್ಕೆ, ಬಾಲದ ಮೂರು ಹಳೆಯ ಬಲ್ಬುಗಳು ತಲಾ 26 ವ್ಯಾಟ್ ಎಂದರೆ 78 ವ್ಯಾಟ್ ಬೇಕು. 12 ವೋಲ್ಟಿನ 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿರುವುದು 84 ವ್ಯಾಟ್-ಗಂಟೆ. ಒಂದು ಗಂಟೆಗೆಲ್ಲ ಬರಿದು. ಮೂರೂ ಎಲ್‌ಇಡಿ ಸೇರಿ 12 ವ್ಯಾಟ್ ಎಳೆದರೆ ಅದೇ ಬ್ಯಾಟರಿ ಲೆಕ್ಕದಲ್ಲಿ 7 ಗಂಟೆ ಬರುತ್ತದೆ. ಬ್ಯಾಟರಿಯನ್ನು ಪೂರ್ತಿ ಹೀರಬಾರದು ಎಂದಿಟ್ಟುಕೊಂಡರೂ ಒಂದು ಹಾರಾಟಕ್ಕೆ ಧಾರಾಳ. ಅಂದರೆ ಜನರೇಟರ್ ಇಲ್ಲದ ವಿಮಾನವೂ ನೆಲದ ಮೇಲೆ ತುಂಬಿಸಿಕೊಂಡ ಸಣ್ಣ ಬ್ಯಾಟರಿಯೊಂದರಿಂದ ತನ್ನನ್ನು ಕಾಣಿಸಿಕೊಳ್ಳಬಹುದು. ಹಳೆಯ ಎಂಜಿನ್ನನ್ನು ಮುಟ್ಟಬೇಕಿಲ್ಲ, ಕೈಯಿಂದ ಪ್ರೊಪೆಲ್ಲರ್ ತಿರುಗಿಸುವ ಪದ್ಧತಿಯನ್ನೂ ಬಿಡಬೇಕಿಲ್ಲ. ಹೊಸ ವಿದ್ಯೆ ಹಳೆಯದನ್ನು ಕೆಡಿಸದೆ ನೆರವಾಗುವ ಒಳ್ಳೆಯ ಉದಾಹರಣೆ ಇದು.

ಬಲ್ಬು ಬದಲಿಸಿದರೆ ಸಾಕೆ?

ಹಾಗಾದರೆ ಬಜಾರಿನಿಂದ ನಾಲ್ಕು ಎಲ್‌ಇಡಿ ತಂದು ಹಳೆಯ ಗಾಜಿನೊಳಗೆ ತುರುಕಿದರೆ ಆಯಿತಲ್ಲ? ಇಲ್ಲಿಯೇ ಎಡವುವುದು.

ಮೊದಲನೆಯದು ಬಣ್ಣ. ಕಾಯ್ದ ತಂತಿಯ ಬೆಳಕು ಹಳದಿ. ಅದರಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಅದಕ್ಕೆ ಹೊಂದುವಂತೆ ಹಳೆಯ ಹಸಿರು ಗಾಜನ್ನು ತುಸು ನೀಲಿ ಛಾಯೆಯಲ್ಲಿ ಮಾಡಿರುತ್ತಾರೆ. ಬಿಳಿ ಎಲ್‌ಇಡಿಯಲ್ಲಿ ನೀಲಿಯೇ ಹೆಚ್ಚು. ಅದನ್ನು ಆ ಗಾಜಿನ ಹಿಂದಿಟ್ಟರೆ ಹಸಿರು ಹೋಗಿ ನೀಲಿಯತ್ತ ತಿರುಗುತ್ತದೆ. ಕೆಂಪು ಗಾಜಿನ ಹಿಂದಿಟ್ಟರೆ ಮಂಕಾಗುತ್ತದೆ. ಬಣ್ಣವೇ ಭಾಷೆಯಾದ ಕಡೆ ಇದು ತಪ್ಪು ಅಕ್ಷರ ಬರೆದಂತೆ. ಅದಕ್ಕೇ ಆಯಾ ಬಣ್ಣವನ್ನೇ ಸೂಸುವ, ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಎಲ್‌ಇಡಿ ಹಾಕಿ ಅದರ ಮೇಲೆ ತಿಳಿಗಾಜು ಕೂರಿಸಬೇಕು.

ಎರಡನೆಯದು ರೇಡಿಯೊ. ನನ್ನ ಹಳೆಯ ಜೀಪಿಗೆ ಒಮ್ಮೆ ಅಗ್ಗದ ಎಲ್‌ಇಡಿ ದೀಪ ಹಾಕಿಸಿದೆ. ಬೆಳಕು ಚೆನ್ನಾಗಿಯೇ ಬಂತು. ಧಾರವಾಡ ಆಕಾಶವಾಣಿ ಹೋಯಿತು. ದೀಪ ಹಾಕಿದರೆ ಕರಕರ, ಆರಿಸಿದರೆ ವಾರ್ತೆ. ಎಲ್‌ಇಡಿಗೆ ಹದವಾದ ವಿದ್ಯುತ್ತು ಕೊಡುವ ಪುಟ್ಟ ಸರ್ಕಿಟ್ಟು ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕಡಿದು ಜೋಡಿಸುತ್ತದೆ. ಸರಿಯಾದ ಕವಚವಿಲ್ಲದಿದ್ದರೆ ಅದೇ ಒಂದು ಸಣ್ಣ ಪ್ರಸಾರ ಕೇಂದ್ರವಾಗುತ್ತದೆ. ವಿಮಾನ ಮತ್ತು ನಿಲ್ದಾಣದ ನಡುವಿನ ಮಾತುಕತೆ ಬೇರೆ ತರಂಗದಲ್ಲಿ, 118ರಿಂದ 137 ಮೆಗಾಹರ್ಟ್ಸ್ ನಡುವೆ ನಡೆದರೂ ಅದರ ವಿಧಾನ ಆಕಾಶವಾಣಿಯ ಹಳೆಯ ಮಧ್ಯಮ ತರಂಗದ್ದೇ. ಕರಕರ ಅಲ್ಲಿಗೂ ತಲುಪಬಹುದು. ಜೀಪಿನಲ್ಲಿ ವಾರ್ತೆ ತಪ್ಪಿದರೆ ಹಾನಿಯಿಲ್ಲ. ಇಳಿಯಬೇಡ ಎಂದು ನಿಲ್ದಾಣದವರು ಹೇಳಿದ ಮಾತು ಕೇಳದಿದ್ದರೆ?

ಮೂರನೆಯದು ದಿಕ್ಸೂಚಿ. ತಂತಿಯಲ್ಲಿ ವಿದ್ಯುತ್ತು ಹರಿದರೆ ಅದರ ಸುತ್ತ ಅಯಸ್ಕಾಂತದ ಪ್ರಭಾವ ಹುಟ್ಟುತ್ತದೆಂದು ಶಾಲೆಯಲ್ಲಿ ಓದಿದ್ದೇವೆ. ದಿಕ್ಸೂಚಿಯ ಪಕ್ಕದಲ್ಲಿ ದೀಪದ ತಂತಿ ಎಳೆದರೆ, ಉಕ್ಕಿನ ಸ್ಕ್ರೂ ಹಾಕಿದರೆ ಮುಳ್ಳು ಸರಿಯುತ್ತದೆ. ಹೋಗುವ, ಬರುವ ಎರಡು ತಂತಿಗಳನ್ನು ಹಗ್ಗದಂತೆ ಹೊಸೆದು ಎಳೆದರೆ ಒಂದರ ಪ್ರಭಾವವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ. ಆದರೂ ಕೆಲಸ ಮುಗಿದ ಮೇಲೆ ವಿಮಾನವನ್ನು ಗೊತ್ತಾದ ದಿಕ್ಕುಗಳಿಗೆ ಒಂದೊಂದಾಗಿ ತಿರುಗಿಸಿ ನಿಲ್ಲಿಸಿ, ಮುಳ್ಳು ಎಷ್ಟು ತಪ್ಪು ತೋರಿಸುತ್ತದೆಂದು ಚೀಟಿಯಲ್ಲಿ ಬರೆದು ದಿಕ್ಸೂಚಿಯ ಬಳಿ ಅಂಟಿಸಬೇಕು.

ಮಂಕಾದ ಗಡಿಯಾರಮುಖ

ಒಳಗಿನ ದೀಪದ ಮಾತಿಗೆ ಬಂದರೆ ಹಿಂದೆ ಕೆಂಪು ಬೆಳಕಿಗೆ ಮರ್ಯಾದೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಬಿಳಿ ದೀಪ ಒಂದು ಕ್ಷಣದಲ್ಲಿ ಅದನ್ನು ಕೆಡಿಸುತ್ತದೆ. ಮಂದವಾದ ಕೆಂಪು ಬೆಳಕು ಅಷ್ಟು ಕೆಡಿಸುವುದಿಲ್ಲ. ಪುಟ್ಟ ಕೋಣೆಯಲ್ಲಿ ಪ್ರಖರವಾದ ಬಿಳಿ ಎಲ್‌ಇಡಿ ಸಾಲು ಹಾಕಿದರೆ ಫೋಟೋಕ್ಕೆ ಚಂದ, ವೈಮಾನಿಕನಿಗೆ ಕುರುಡು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಯುದ್ಧಕಾಲದ ಮತ್ತು ಅದರ ಆಸುಪಾಸಿನ ಎಷ್ಟೋ ಉಪಕರಣಗಳ ಮುಖದ ಮೇಲೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆತ ಬಣ್ಣ ಬಳಿದಿರುತ್ತಿದ್ದರು. ಅಮೆರಿಕದಲ್ಲಿ 1920ರ ದಶಕದ ಹೊತ್ತಿಗೆ ಗಡಿಯಾರಗಳಿಗೆ ಈ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚವನ್ನು ತುಟಿಯಿಂದ ಚೂಪು ಮಾಡಿಕೊಳ್ಳುತ್ತಿದ್ದರು. ರೇಡಿಯಂ ಎಲುಬಿಗೆ ಸೇರಿ ಹಲವರು ತೀರಿಕೊಂಡರು. ಹಳೆಯ ಉಪಕರಣದ ಅಂಕಿಗಳು ಇಂದು ಹೊಳೆಯುವುದಿಲ್ಲ, ಕಂದು ಬಣ್ಣಕ್ಕೆ ತಿರುಗಿರುತ್ತವೆ. ರೇಡಿಯಂ ಸತ್ತುಹೋಗಿದೆ ಎಂದು ತಿಳಿದು ಗಾಜು ಬಿಚ್ಚಿ ಉಜ್ಜಲು ಕೂಡುವವರಿದ್ದಾರೆ. ಸತ್ತದ್ದು ಅದರ ಜೊತೆಗೆ ಬೆರೆಸಿದ, ಬೆಳಕು ಕೊಡುವ ಸತುವಿನ ಪುಡಿ. ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷ ಬೇಕು. ಅಂದರೆ ಅಪಾಯ ಹೆಚ್ಚೂಕಡಿಮೆ ಮೊದಲಿನಷ್ಟೇ ಇದೆ, ಅದನ್ನು ತೋರಿಸುತ್ತಿದ್ದ ಹೊಳಪು ಮಾತ್ರ ಹೋಗಿದೆ. ಅಂಥ ಉಪಕರಣವನ್ನು ಬಿಚ್ಚಬಾರದು, ಕೆರೆಯಬಾರದು. ವಿಕಿರಣ ಬಲ್ಲವರಿಗೆ ತೋರಿಸಬೇಕು. ಇಲ್ಲಿ ಮುಟ್ಟದಿರುವುದೇ ದುರಸ್ತಿ.

ಸೀಟು, ಬಟ್ಟೆ, ಬೆಂಕಿ

ಶಹಾಪುರ, ವಡಗಾವಿಯ ನೇಕಾರರ ಊರಿನಲ್ಲಿ ಬಟ್ಟೆಯ ಮಾತು ಹೇಳುವಾಗ ನನಗೆ ಸ್ವಲ್ಪ ಅಳುಕು. ಹಳೆಯ ಪುಟ್ಟ ವಿಮಾನಗಳ ಮೈಗೆ ಹೊದಿಸುತ್ತಿದ್ದುದು ಇಂಥದೇ ಒತ್ತಾಗಿ ನೇಯ್ದ ಹತ್ತಿ ಅಥವಾ ಅಗಸೆನಾರಿನ ಬಟ್ಟೆ. ಅದಕ್ಕೆ ‘ಡೋಪ್’ ಎಂಬ ದ್ರಾವಣ ಬಳಿದರೆ ಒಣಗುತ್ತಾ ಬಿಗಿಯಾಗಿ ಡೊಳ್ಳಿನ ಚರ್ಮದಂತೆ ಸದ್ದು ಕೊಡುತ್ತಿತ್ತು. ಒಳಗಿನ ಸೀಟುಗಳು ಸರಳ: ಚೌಕಟ್ಟು, ತೆಳುವಾದ ದಿಂಬು, ಗಟ್ಟಿ ಬಟ್ಟೆ.

ನಮ್ಮ ಖಡೇಬಜಾರಿನ ಸೀಟು ಹೊಲಿಯುವವರ ಕೈಯಲ್ಲಿ ಕೊಟ್ಟರೆ ಎರಡೇ ದಿನದಲ್ಲಿ ಅಂದವಾದ ಸೀಟು ಸಿದ್ಧವಾಗುತ್ತದೆ. ಕೌಶಲದಲ್ಲಿ ಕೊರತೆಯಿಲ್ಲ. ಪ್ರಶ್ನೆ ಒಳಗೆ ತುಂಬುವ ಸ್ಪಂಜಿನದು. ಸಾಮಾನ್ಯ ಪಾಲಿಯುರೆಥೇನ್ ಸ್ಪಂಜಿಗೆ ಬೆಂಕಿ ಬೇಗ ಹತ್ತುತ್ತದೆ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡು, ಸಯನೈಡು ಇರುತ್ತವೆ. 1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಯಾಣಿಕ ವಿಮಾನವೊಂದಕ್ಕೆ ಇನ್ನೂ ನೆಲದ ಮೇಲಿದ್ದಾಗಲೇ ಬೆಂಕಿ ತಗುಲಿತು. 55 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಉರಿಯಲ್ಲ, ಹೊಗೆ. ಆಮೇಲೆ ಪ್ರಯಾಣಿಕ ವಿಮಾನಗಳ ಸೀಟಿಗೆ ಬೆಂಕಿ ತಡೆಯುವ ಹೊದಿಕೆಯ ನಿಯಮ ಬಿಗಿಯಾಯಿತು. ಪುಷ್ಪಕದಂಥ ವಿಮಾನದಲ್ಲಿ ಪೆಟ್ರೋಲು ಇರುವುದು ಕುಳಿತವರಿಗೆ ತೀರ ಹತ್ತಿರ. ಆದ್ದರಿಂದ ಸೀಟಿನ ಬಟ್ಟೆ, ಸ್ಪಂಜು, ಅಂಟು, ಎಲ್ಲಕ್ಕೂ ಜ್ವಾಲೆಯ ಪರೀಕ್ಷೆಯ ಪ್ರಮಾಣಪತ್ರ ಕೇಳುತ್ತಾರೆ. ಅಪ್ಪಟ ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಹತ್ತಿಗೆ, ನೈಲಾನಿಗೆ ಹೋಲಿಸಿದರೆ ಅದು ಎಷ್ಟೋ ಮೇಲು.

ಒಳಾಂಗಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಬದಲಾವಣೆ ಫೋಟೋದಲ್ಲಿ ಕಾಣುವುದೇ ಇಲ್ಲ. ಅದು ಹೆಗಲಪಟ್ಟಿ. ಹಳೆಯ ಎಷ್ಟೋ ಪುಟ್ಟ ವಿಮಾನಗಳಲ್ಲಿ ಸೊಂಟದ ಪಟ್ಟಿಯೊಂದೇ ಇತ್ತು. ಹೊಲದಲ್ಲಿ ಗಡುಸಾಗಿ ಇಳಿದರೆ ದೇಹ ಮುಂದಕ್ಕೆ ಮಡಚಿ ತಲೆ ಉಪಕರಣಗಳ ಫಲಕಕ್ಕೆ ಬಡಿಯುತ್ತದೆ. ಹೆಗಲಪಟ್ಟಿ ಅದನ್ನು ತಡೆಯುತ್ತದೆ. ಪಟ್ಟಿಯನ್ನು ಕಟ್ಟುವ ಉಕ್ಕಿನ ಕೊಳವೆ ಆ ಎಳೆತ ತಾಳಬಲ್ಲದೇ ಎಂದು ಎಂಜಿನಿಯರು ಲೆಕ್ಕ ಹಾಕಿ ಹೇಳಬೇಕು, ಅಷ್ಟೇ. ಚರ್ಮದ ಸೀಟಿಗೆ ಖರ್ಚು ಮಾಡುವ ದುಡ್ಡು ಮೊದಲು ಇದಕ್ಕೆ ಹೋಗಲಿ.

ಒಪ್ಪಿಗೆಯ ಕಾಗದ

ನಮ್ಮ ದೇಶದಲ್ಲಿ ಹಾರುವ ವಿಮಾನದ ಮೇಲೆ ಮನಸ್ಸಿಗೆ ಬಂದ ಹಾಗೆ ಕೈಯಾಡಿಸುವಂತಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಿವೆ. ಪರವಾನಗಿ ಪಡೆದ ಎಂಜಿನಿಯರು ಪರೀಕ್ಷಿಸಿ ಸಹಿ ಹಾಕಬೇಕು. ಇದ್ದ ವಸ್ತುವಿನ ಜಾಗಕ್ಕೆ ಒಪ್ಪಿಗೆಯಾದ ಅಂಥದೇ ವಸ್ತು ಬಂದರೆ ಕೆಲಸ ಹಗುರ. ಇಲ್ಲದ ವಿದ್ಯುತ್ ವ್ಯವಸ್ಥೆಯನ್ನು ಹೊಸದಾಗಿ ತಂದರೆ ನಕ್ಷೆ, ಲೆಕ್ಕ, ಒಪ್ಪಿಗೆ ಎಲ್ಲ ಬೇಕು. ಇದನ್ನು ಕಚೇರಿಯ ಕಿರಿಕಿರಿ ಎನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಇಪ್ಪತ್ತು ವರ್ಷದ ನಂತರ ಇನ್ನೊಬ್ಬರು ಆ ವಿಮಾನವನ್ನು ಬಿಚ್ಚಿದಾಗ, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾರು, ಯಾವಾಗ, ಏಕೆ ಹಾಕಿದರು ಎಂಬುದಕ್ಕೆ ಆ ಕಾಗದಗಳೇ ಸಾಕ್ಷಿ. ಜನನದಿಂದ ಇಂದಿನವರೆಗಿನ ದಾಖಲೆ ಪುಸ್ತಕ ಉಳಿದ ಹಳೆಯ ವಿಮಾನಕ್ಕೆ ಇರುವ ಬೆಲೆ ಪುಸ್ತಕ ಕಳೆದ ವಿಮಾನಕ್ಕಿಲ್ಲ.

ಈ ಕೆಲಸವನ್ನು ಚೆನ್ನಾಗಿ ಮಾಡಿದ ಉದಾಹರಣೆಗಳು ನಮ್ಮಲ್ಲಿವೆ. ವಾಯುಸೇನೆಯ ಹಳೆಯ ಟೈಗರ್ ಮಾತ್ ಒಂದು ಬ್ರಿಟನ್ನಿನಲ್ಲಿ ದುರಸ್ತಿಯಾಗಿ ಬಂದು 2012ರ ವಾಯುಸೇನಾ ದಿನದಂದು ಹಾರಿತು. ದೊಡ್ಡ ವಿಮಾನವಾದರೂ ಇನ್ನೊಂದನ್ನು ಹೆಸರಿಸಬೇಕು, ಡಕೋಟ. ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅದನ್ನು ವಾಯುಸೇನೆಗೆ ಕೊಟ್ಟರು. ಅವರ ತಂದೆ ಡಕೋಟ ಹಾರಿಸಿದವರು. ಇಂಗ್ಲೆಂಡಿನಲ್ಲಿ ಸಜ್ಜಾದ ಆ ವಿಮಾನ 2018ರಲ್ಲಿ ಅಲ್ಲಿಂದ ಭಾರತದವರೆಗೆ ತಾನೇ ಹಾರಿಬಂತು. 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಸೈನಿಕರನ್ನು ಇಳಿಸಿದ ಡಕೋಟದ ಸಂಖ್ಯೆಯನ್ನೇ, ವಿ.ಪಿ. 905 ಎಂದು, ಅದರ ಮೈಮೇಲೆ ಬರೆದರು. ಹೊರಗಿನಿಂದ ಹಳೆಯ ಡಕೋಟ. ದಾರಿ ಹುಡುಕುವ ಉಪಕರಣಗಳು ಮಾತ್ರ ಇಂದಿನವು. ನೋಡುವವರಿಗೆ ಇತಿಹಾಸ ಸಿಕ್ಕಿತು, ಹಾರಿಸುವವರಿಗೆ ಸುರಕ್ಷೆ ಸಿಕ್ಕಿತು.

ಹೊಸದನ್ನೇ ಮಾಡಬೇಕೆನ್ನುವವರಿಗೆ ಬೇರೆ ದಾರಿಯಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ‘ಹಂಸ’ 1993ರಲ್ಲಿ ಮೊದಲು ಹಾರಿತು. 2021ರಲ್ಲಿ ಅದರ ಹೊಸ ಪೀಳಿಗೆಯ ವಿಮಾನ ಪರದೆಯ ಮೇಲೆ ಎಲ್ಲ ಮಾಹಿತಿ ತೋರಿಸುವ ಫಲಕದೊಂದಿಗೆ ಬಂತು. 

ಹಾರದ ವಿಮಾನಕ್ಕೆ ನಿಯಮ ಉಲ್ಟಾ. ವಸ್ತುಸಂಗ್ರಹಾಲಯಕ್ಕೆ ಸೇರಿದ ವಿಮಾನದ ಹರಿದ ಸೀಟನ್ನೂ ಬದಲಿಸಬಾರದು. ಅದನ್ನು ಹೊಲಿದ ಕೈ, ಅದರಲ್ಲಿ ಕುಳಿತವರ ಒತ್ತು ಎಲ್ಲವೂ ಅಲ್ಲಿ ದಾಖಲೆ. ಅಲ್ಲಿ ಹೊಸ ದೀಪ ಬೇಕಾದದ್ದು ವಿಮಾನಕ್ಕಲ್ಲ, ಅದನ್ನಿಟ್ಟ ಕೋಣೆಗೆ. ಬಿಸಿಲಿನ ನೇರಳಾತೀತ ಕಿರಣ ಬಟ್ಟೆಯನ್ನು ಸಡಿಲಿಸುತ್ತದೆ, ರಬ್ಬರನ್ನು ಸೀಳುತ್ತದೆ. ಅಂಥ ಕಿರಣ ಹೆಚ್ಚಿಲ್ಲದ, ಬಿಸಿ ಕಡಿಮೆಯಿರುವ ಎಲ್‌ಇಡಿ ಅಲ್ಲಿಗೆ ಹೇಳಿಮಾಡಿಸಿದ್ದು.

ಕೊನೆಯ ಮಾತು

ಒಟ್ಟಿನಲ್ಲಿ ಹೇಳುವುದಾದರೆ, ಹಳೆಯ ವಿಮಾನದ ಮುಂದೆ ನಿಂತಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಈ ಬದಲಾವಣೆ ಒಳಗೆ ಕುಳಿತವರನ್ನು ಅಥವಾ ಎದುರಿಗೆ ಬರುವವರನ್ನು ಕಾಪಾಡುತ್ತದೆಯೇ? ತೂಕ, ಬೆಂಕಿ, ರೇಡಿಯೊ, ದಿಕ್ಸೂಚಿ ಈ ನಾಲ್ಕರ ಲೆಕ್ಕ ಆಗಿದೆಯೇ? ಮುಂದೆ ಬರುವವರು ಬೇಕೆಂದರೆ ಇದನ್ನು ತೆಗೆದು ಹಳೆಯದನ್ನು ಮತ್ತೆ ಕೂರಿಸಬಹುದೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಕೆಲಸ ಹಿಡಿಯಿರಿ. ತೆಗೆದ ಹಳೆಯ ದೀಪ, ಹಳೆಯ ಸೀಟಿನ ಬಟ್ಟೆಯನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ತೆಗೆದಿಡಿ.

ಬೆಳಗಾವಿಯಲ್ಲಿ ಈ ಕೆಲಸಕ್ಕೆ ಬೇಕಾದ ಕೈಗಳಿವೆ. ಉದ್ಯಮಬಾಗದಲ್ಲಿ ಕೂದಲೆಳೆಯಷ್ಟು ಅಳತೆ ಹಿಡಿದು ಕಡೆಯುವವರಿದ್ದಾರೆ, ನೇಯುವವರಿದ್ದಾರೆ, ಹೊಲಿಯುವವರಿದ್ದಾರೆ, ಎಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ. ಪುಷ್ಪಕವನ್ನು ಕೈಯಿಂದ ತಿರುಗಿಸಿ ಎಬ್ಬಿಸಿದ, ಅದರ ಬಟ್ಟೆ ಹೊಲಿದ ಮೆಕ್ಯಾನಿಕರಿಗೆ ಮಾತ್ರ ವಯಸ್ಸಾಗಿದೆ. ಯಂತ್ರ ಶೆಡ್ಡಿನಲ್ಲಿ ಇನ್ನಷ್ಟು ವರ್ಷ ಇರಬಹುದು. ಅದನ್ನು ಬಲ್ಲವರ ತಿಳಿವಳಿಕೆ ಹಾಗೆ ಕಾಯುವುದಿಲ್ಲ. ಎಲ್ಲಿಯಾದರೂ ಅಂಥ ವಿಮಾನ ಕಂಡರೆ ಬಣ್ಣದ ಡಬ್ಬಿ ತರುವ ಮೊದಲು ಅಂಥ ಹಿರಿಯರೊಬ್ಬರನ್ನು ಕರೆತಂದು ಅದರ ಮುಂದೆ ಕುರ್ಚಿ ಹಾಕಿ ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.

ನಮ್ಮ ಖಾನಾಪುರದ ಮನೆಯಲ್ಲಿ ಟ್ಯೂಬ್‌ಲೈಟು ಹೋಗಿ ಈಗ ಎಲ್‌ಇಡಿ ಬಂದಿದೆ. ಹೊಗೆ ಹಿಡಿದ ದೀಪದ ಗೂಡಿಗೆ ಮಾತ್ರ ಯಾರೂ ಸುಣ್ಣ ಬಳಿದಿಲ್ಲ.